ಕೆಲಸ ಕೇಳಿದ್ದು ಸಾಕೇ? ಕಂಪನಿ ಕಟ್ಟುವುದು ಯಾವಾಗ?

(ಬೆಂಗಳೂರಿನಲ್ಲಿ ರಾಜ್ಯೋತ್ಸವದ ಅಂಗವಾಗಿ ಸೇರಿದ್ದ ಕನ್ನಡ ಯುವಕ-ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನ ಮುರುಡೇಶ್ವರ ನೋಡಿದ್ದೀರಿ? ಕೈ ಎತ್ತಿ. ಆಹಾ, ಮುಕ್ಕಾಲು ಸಭೆ ಎತ್ತಿತು! ಸಮುದ್ರದ ದಂಡೆಯ ಗುಡ್ಡದ ಮೇಲೆ ಕೂತ 123 ಅಡಿ ಎತ್ತರದ ಶಿವ, ಅದರ ಎದುರಿಗೆ 20 ಅಂತಸ್ತಿನ ರಾಜಗೋಪುರ. ಲಿಫ್ಟಿನಲ್ಲಿ ಹತ್ತಿದ್ದೀರಿ, ಫೋಟೋ ತೆಗೆಸಿಕೊಂಡಿದ್ದೀರಿ, ಬಂಗಡೆ ಮೀನು ತಿಂದು ವಾಪಸ್ಸು ಬಸ್ಸು ಹತ್ತಿದ್ದೀರಿ.

ಇನ್ನೊಂದು ಪ್ರಶ್ನೆ. ಅದನ್ನು ಕಟ್ಟಿಸಿದವರು ಯಾರು? ಈಗ ಕೈಗಳು ಕಡಿಮೆಯಾದವು. "ಯಾರೋ ಶೆಟ್ಟರಂತೆ, ದೊಡ್ಡ ಶ್ರೀಮಂತರಂತೆ" ಎಂದು ಹಿಂದಿನ ಸಾಲಿನಿಂದ ಒಬ್ಬ ತಮ್ಮ ಹೇಳಿದ. ಸರಿ. ಆ ಶ್ರೀಮಂತಿಕೆ ಎಲ್ಲಿಂದ ಬಂತು? ಲಾಟರಿ ಹೊಡೆಯಿತೇ? ಅರಬ್ಬೀ ದೇಶದಿಂದ ಬಂತೇ? ಇಲ್ಲ. ಅದು ಬಂದದ್ದು ಕಲ್ಲಿನಿಂದ, ಜಲ್ಲಿಯಿಂದ, ಸಿಮೆಂಟಿನಿಂದ, ಮಣ್ಣು ಹೊತ್ತವರ ಬೆನ್ನಿನಿಂದ. ನಮ್ಮದೇ ನಾಡಿನ ನದಿಗಳಿಗೆ ಕಟ್ಟಿದ ಸೇತುವೆ ಮತ್ತು ಅಣೆಕಟ್ಟುಗಳಿಂದ.

ಶಿವನ ಮೂರ್ತಿ ಎಲ್ಲರಿಗೂ ಗೊತ್ತು. ಆ ಅಣೆಕಟ್ಟುಗಳು ಯಾರಿಗೂ ಗೊತ್ತಿಲ್ಲ. ಇವತ್ತು ನಾನು ಆ ಅಣೆಕಟ್ಟುಗಳ ಕಥೆ ಹೇಳಲು ನಿಂತಿದ್ದೇನೆ. ಯಾಕೆಂದರೆ, ಬೆಂಗಳೂರಿನ ಬೀದಿಯಲ್ಲಿ "ಕನ್ನಡಿಗರಿಗೆ ಕೆಲಸ ಕೊಡಿ" ಎಂದು ಕೂಗುವ ನಮಗೆ ಆ ಕಥೆಯಲ್ಲಿ ಒಂದು ಪಾಠ ಇದೆ. ಆ ಪಾಠ ನಮ್ಮನ್ನು ಸ್ವಲ್ಪ ಚುಚ್ಚುತ್ತದೆ. ಚುಚ್ಚಲಿ.

ತಾರಿ ದೋಣಿಯ ಜಿಲ್ಲೆ

ರಾಮ ನಾಗಪ್ಪ ಶೆಟ್ಟರು ಹುಟ್ಟಿದ್ದು 1928ರ ಆಗಸ್ಟ್ 15ರಂದು, ಭಟ್ಕಳ ತಾಲೂಕಿನ ಮುರುಡೇಶ್ವರದಲ್ಲಿ. ಬೇಸಾಯದ ಮನೆತನ. ತಂದೆ ಊರಿನ ದೇವಸ್ಥಾನದ ಆನುವಂಶಿಕ ಆಡಳಿತಗಾರರು. ಮಗ ಓದಿದ್ದು ಹೈಸ್ಕೂಲಿನವರೆಗೆ. ಇಂಜಿನಿಯರಿಂಗ್ ಪದವಿ ಇಲ್ಲ, ವಿಲಾಯಿತಿಗೆ ಹೋಗಿ ಬಂದವರಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗಿನ ಉತ್ತರ ಕನ್ನಡ ಜಿಲ್ಲೆ ಹೇಗಿತ್ತು? ನಕ್ಷೆ ಬಿಡಿಸಿ ನೋಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಘಟ್ಟದಿಂದ ಇಳಿದು ಜಿಲ್ಲೆಯನ್ನು ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ಚಿ ಹಾಕಿವೆ. ಈ ದಂಡೆಯಿಂದ ಆ ದಂಡೆಗೆ ಹೋಗಬೇಕಾದರೆ ತಾರಿ ದೋಣಿ. ಮಳೆಗಾಲದಲ್ಲಿ ನದಿ ಉಕ್ಕಿದರೆ ಅದೂ ಇಲ್ಲ. ಹೆರಿಗೆ ನೋವು ಬಂದ ಹೆಂಗಸು ದಂಡೆಯಲ್ಲಿ ಕಾಯಬೇಕು. ಮೇಲೆ ಘಟ್ಟ, ಕೆಳಗೆ ಕಡಲು, ನಡುವೆ ಕಾಡು.

ಈ ಜಿಲ್ಲೆ ಇದ್ದದ್ದು ಯಾರ ಕೈಯಲ್ಲಿ? ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ಕೈಯಲ್ಲಿ, ಆಮೇಲೆ ಮುಂಬಯಿ ರಾಜ್ಯದ ಕೈಯಲ್ಲಿ. ರಾಜ್ಯದ ತೆಂಕಣ ತುದಿಯ ಕೊನೆಯ ಜಿಲ್ಲೆ! ಕಡತ ಹೋಗಬೇಕಾದದ್ದು ಮುಂಬಯಿಗೆ. ಸಿರಸಿಯ ಹಳ್ಳಕ್ಕೆ ಮೋರಿ ಬೇಕು ಎಂದರೆ ಅಲ್ಲಿ ಕೇಳುವವರು ಎಷ್ಟು ಜನ ಇದ್ದಿರಬಹುದು, ನೀವೇ ಊಹಿಸಿ.

1956ರ ನವೆಂಬರ್ 1 ಬಂತು. ಏಕೀಕರಣ ಆಯಿತು. ನಾವು ಏಕೀಕರಣ ಎಂದರೆ ಭುವನೇಶ್ವರಿಯ ಚಿತ್ರ, ಬಾವುಟ, ಆರ್ಕೆಸ್ಟ್ರಾ ಎಂದುಕೊಂಡಿದ್ದೇವೆ. ಅದಷ್ಟೇ ಅಲ್ಲ ಗೆಳೆಯರೇ! ಏಕೀಕರಣ ಎಂದರೆ ರಸ್ತೆ. ಏಕೀಕರಣ ಎಂದರೆ ಸೇತುವೆ. ಹರಿದು ಹಂಚಿಹೋಗಿದ್ದ ಕನ್ನಡದ ಜಿಲ್ಲೆಗಳನ್ನು ಕಾಗದದ ಮೇಲೆ ಒಂದು ಮಾಡಿದ ಮೇಲೆ ನೆಲದ ಮೇಲೂ ಒಂದು ಮಾಡಬೇಕಲ್ಲ? ಹೊನ್ನಾವರದ ಮನುಷ್ಯ ಬೆಂಗಳೂರಿಗೆ ಬರಬೇಕಲ್ಲ? ಹಾಗಾಗಿ ಘಟ್ಟದ ರಸ್ತೆಗಳು ಬೇಕಾದವು, ಹೊಳೆಗೆ ಸೇತುವೆ ಬೇಕಾಯಿತು. ಕನ್ನಡನಾಡು ಒಂದಾದದ್ದರಿಂದ ಹುಟ್ಟಿದ ಆ ಕೆಲಸವನ್ನು ಯಾರೋ ಕೈಯೊಡ್ಡಿ ಹಿಡಿಯಬೇಕಿತ್ತು.

1961, ಸಿರಸಿ

ಶೆಟ್ಟರು ಸಣ್ಣ ಸಿವಿಲ್ ಕಂಟ್ರಾಕ್ಟರ್ ಆಗಿ ಶುರು ಮಾಡಿದರು. 1961ರಲ್ಲಿ ಸಿರಸಿಯಲ್ಲಿ ಆರ್. ಎನ್. ಶೆಟ್ಟಿ ಅಂಡ್ ಕಂಪನಿ ಹುಟ್ಟಿತು. ಅವರ ಮೊದಲ ದೊಡ್ಡ ಕೆಲಸ ಯಾವುದು ಗೊತ್ತೇ? ಹೊನ್ನಾವರ–ಬೆಂಗಳೂರು ರಸ್ತೆಯ ಒಂದು ಸೇತುವೆ. ನೋಡಿ, ಹೊನ್ನಾವರವನ್ನು ಬೆಂಗಳೂರಿಗೆ ಜೋಡಿಸುವ ರಸ್ತೆ! ಏಕೀಕರಣದ ಕೆಲಸವೇ ಈ ಕಂಪನಿಗೆ ಮೊದಲ ಮೆಟ್ಟಿಲಾಯಿತು.

ಸಣ್ಣ ಕಂಟ್ರಾಕ್ಟರ್ ಎಂದರೆ ಏನು ಎಂದು ನಿಮಗೆ ಹೇಳಬೇಕು. ಯಾಕೆಂದರೆ ನಗರದ ಹುಡುಗರಿಗೆ ಕಂಟ್ರಾಕ್ಟರ್ ಎಂದರೆ ಬಿಳಿ ಬಟ್ಟೆ, ಬಂಗಾರದ ಚೈನು, ಶಾಸಕರ ಹಿಂದೆ ಓಡಾಡುವ ಆಸಾಮಿ ಅಷ್ಟೇ. ಅಂಥವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಕೆಲಸ ಮಾಡುವ ಕಂಟ್ರಾಕ್ಟರನ ಪಾಡು ಬೇರೆ.

ಲೋಕೋಪಯೋಗಿ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಶಾಲೆಯ ಹಾಗೆ ದರ್ಜೆಗಳಿವೆ. ಕೆಳದರ್ಜೆಯವನಿಗೆ ಸಣ್ಣ ಕೆಲಸ, ಮೇಲ್ದರ್ಜೆಯವನಿಗೆ ದೊಡ್ಡ ಕೆಲಸ. ಟೆಂಡರ್ ಹಾಕುವ ಮೊದಲೇ ಠೇವಣಿ ಇಡಬೇಕು. ಕೆಲಸ ಸಿಕ್ಕ ಮೇಲೆ ಮತ್ತೊಂದು ಠೇವಣಿ. ಕಲ್ಲು, ಮರಳು, ಸಿಮೆಂಟು, ಕಬ್ಬಿಣ ಎಲ್ಲವನ್ನೂ ತನ್ನ ಕಾಸಿನಿಂದ ತಂದು ಹಾಕಬೇಕು. ಶನಿವಾರ ಬಂದರೆ ಬಟವಾಡೆ. ಕೂಲಿಯವನಿಗೆ "ಬಿಲ್ಲು ಆಗಿಲ್ಲಪ್ಪ" ಎಂದು ಹೇಳಲು ಆಗುತ್ತದೆಯೇ? ಹೇಳಿದರೆ ಸೋಮವಾರ ಅವನು ಬರುವುದಿಲ್ಲ. ಸರಕಾರದ ಬಿಲ್ಲು ಬರುವುದು ಯಾವಾಗ? ಇಂಜಿನಿಯರ್ ಬಂದು ಅಳತೆ ಮಾಡಿ, ಅಳತೆ ಪುಸ್ತಕದಲ್ಲಿ ಬರೆದು, ಆ ಪುಸ್ತಕ ಮೇಜಿನಿಂದ ಮೇಜಿಗೆ ತೆವಳಿದ ಮೇಲೆ. ಕೊಡಬೇಕಾದ ಹಣ ಶನಿವಾರಕ್ಕೆ, ಬರಬೇಕಾದ ಹಣ ದೇವರಿಗೆ! ಈ ನಡುವಿನ ಕಂದಕದಲ್ಲಿ ಬಿದ್ದು ಸತ್ತ ಸಣ್ಣ ಕಂಟ್ರಾಕ್ಟರುಗಳಿಗೆ ಲೆಕ್ಕವಿಲ್ಲ.

ಅದರ ಮೇಲೆ ಮಲೆನಾಡಿನ ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊಳೆಯಲ್ಲಿ ಕೆಲಸ ಮಾಡುವಂತಿಲ್ಲ. ಸಿಕ್ಕುವುದು ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ನೀರಿನಿಂದ ಕಂಬ ಮೇಲೆದ್ದಿರಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಹಾಕಿದ ಕಟ್ಟು, ಕಟ್ಟಿದ ಸೆಂಟ್ರಿಂಗ್, ಸುರಿದ ದುಡ್ಡು ಎಲ್ಲವೂ ಅರಬ್ಬೀ ಸಮುದ್ರಕ್ಕೆ ಅರ್ಪಣೆ.

ಇಂಥ ನೆಲದಲ್ಲಿ, ಇಂಥ ಮಳೆಯಲ್ಲಿ ಕೆಲಸ ಕಲಿತವನಿಗೆ ಒಂದು ಆಸ್ತಿ ಸಿಗುತ್ತದೆ. ಬ್ಯಾಂಕಿನಲ್ಲಿ ಇಡಲಾಗದ ಆಸ್ತಿ. ಯಾವ ಹೊಳೆ ಯಾವ ತಿಂಗಳು ತಗ್ಗುತ್ತದೆ, ಯಾವ ಗುಡ್ಡದ ಕಲ್ಲು ಗಟ್ಟಿ, ಯಾವ ಊರಿನ ಮೇಸ್ತ್ರಿ ನಂಬಿಕಸ್ತ, ಯಾವ ಘಟ್ಟದಲ್ಲಿ ಲಾರಿ ಹತ್ತುತ್ತದೆ ಎಂಬ ಅರಿವು. ಮುಂಬಯಿ, ಮದರಾಸಿನ ದೊಡ್ಡ ಕಂಪನಿಯ ಹತ್ತಿರ ಯಂತ್ರ ಇರುತ್ತದೆ, ದುಡ್ಡು ಇರುತ್ತದೆ, ಈ ಅರಿವು ಇರುವುದಿಲ್ಲ. ಪ್ರಾದೇಶಿಕ ಕಂಪನಿಯ ಬಲ ಇರುವುದು ಇಲ್ಲಿ. ನೆಲದ ಭಾಷೆ ಬಲ್ಲವನಿಗೆ ನೆಲವೂ ಮಾತಾಡುತ್ತದೆ!

ಮೋರಿಯಿಂದ ಅಣೆಕಟ್ಟಿಗೆ

ಕಂಟ್ರಾಕ್ಟಿನ ಲೋಕದಲ್ಲಿ ಒಂದು ನಿಯಮ ಇದೆ. ದೊಡ್ಡ ಕೆಲಸ ಬೇಕಾದರೆ ಅದೇ ಬಗೆಯ ಕೆಲಸ ಹಿಂದೆ ಮಾಡಿದ ದಾಖಲೆ ತೋರಿಸಬೇಕು. ಸಣ್ಣ ಸೇತುವೆ ಮುಗಿಸಿದ ಸರ್ಟಿಫಿಕೇಟು ಇದ್ದರೆ ದೊಡ್ಡ ಸೇತುವೆ. ದೊಡ್ಡ ಸೇತುವೆ ಮುಗಿಸಿದರೆ ಅದಕ್ಕಿಂತ ದೊಡ್ಡದು. ಒಂದು ಮೆಟ್ಟಿಲು ತಪ್ಪಿದರೆ ಮೇಲಿನದು ಸಿಗದು. ಆದ್ದರಿಂದ ಮೊದಲ ಕೆಲಸ ಕೆಟ್ಟರೆ ಎಲ್ಲವೂ ಕೆಟ್ಟಿತು.

ಸಿರಸಿಯ ಆ ಕಂಪನಿ ಮೆಟ್ಟಿಲು ಹತ್ತಿತು. ಮುಂದೆ ಹುಬ್ಬಳ್ಳಿ ಅದರ ನೆಲೆಯಾಯಿತು. ಸರಿಯಾದ ಜಾಗ. ಒಂದು ಕಡೆ ಮಲೆನಾಡು, ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಬಯಲುಸೀಮೆ, ನಡುವೆ ರೈಲು ಜಂಕ್ಷನ್ನು, ಲಾರಿಗಳ ಊರು.

ಆ ಕಾಲ ಎಂಥದು? ಕನ್ನಡನಾಡು ನೀರು ಮತ್ತು ಕರೆಂಟಿಗಾಗಿ ಅಣೆಕಟ್ಟು ಕಟ್ಟುತ್ತಿದ್ದ ಕಾಲ. 1970ರಲ್ಲಿ ರಾಜ್ಯದ ವಿದ್ಯುತ್ ನಿಗಮ ಹುಟ್ಟಿತು. 1973ರಲ್ಲಿ ನಾಡಿಗೆ ಕರ್ನಾಟಕ ಎಂದು ಹೆಸರಾಯಿತು. ಕಾಳಿ ಯೋಜನೆ ಬಂತು. ಘಟಪ್ರಭೆಗೆ, ಮಲಪ್ರಭೆಗೆ ಕಟ್ಟೆ ಬಂದವು. ಈ ಕೆಲಸಗಳ ಪಟ್ಟಿಯಲ್ಲಿ ಶೆಟ್ಟರ ಕಂಪನಿಯ ಹೆಸರು ಎಲ್ಲೆಲ್ಲಿ ಇದೆ, ಕೇಳಿ.

ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟು. ಸವದತ್ತಿಯ ಮೇಲ್ಗಾಲುವೆ. ಮೇಲ್ಗಾಲುವೆ ಎಂದರೆ ತಗ್ಗಿನ ಮೇಲೆ ಸೇತುವೆ ಕಟ್ಟಿ ಅದರ ಮೇಲೆ ಬಸ್ಸಿನ ಬದಲು ನೀರನ್ನೇ ಓಡಿಸುವುದು! ಹಳಿಯಾಳ ತಾಲೂಕಿನ ತಟ್ಟಿಹಳ್ಳ ಅಣೆಕಟ್ಟು. ಕಾಳಿ ನದಿಯ ಸೂಪಾ ಅಣೆಕಟ್ಟಿನ ಕೆಲಸ. ಅದರ ಎತ್ತರ 101 ಮೀಟರ್, ಅಂದರೆ ನಿಮ್ಮ ಮುರುಡೇಶ್ವರದ ಗೋಪುರವನ್ನು ಅದರ ಪಕ್ಕ ನಿಲ್ಲಿಸಿದರೆ ಗೋಪುರವೇ ಗಿಡ್ಡ. ವಾರಾಹಿ ಯೋಜನೆಯ ನೆಲದೊಳಗಿನ ವಿದ್ಯುದಾಗಾರದ ಕೆಲಸ. ಶರಾವತಿಯ ಗೇರುಸೊಪ್ಪ ಅಣೆಕಟ್ಟು. ಕೊಂಕಣ ರೈಲ್ವೆಯ 18 ಸುರಂಗಗಳು.

ಕೊಂಕಣ ರೈಲ್ವೆಯ ಸುರಂಗ ಎಂದರೆ ಹುಡುಗಾಟವಲ್ಲ. ಕರಾವಳಿಯ ಗುಡ್ಡ ಹೊರಗಿನಿಂದ ಕಲ್ಲಿನ ಹಾಗೆ ಕಂಡರೂ ಒಳಗೆ ಕೆಲವು ಕಡೆ ಮೆತ್ತನೆ ಮಣ್ಣು. ಕೊರೆದರೆ ಕುಸಿಯುತ್ತದೆ, ಮಳೆ ಬಂದರೆ ಹರಿದು ಬರುತ್ತದೆ. ಆ ಮಾರ್ಗದಲ್ಲಿ ಅನೇಕ ಕೆಲಸಗಾರರು ಜೀವ ತೆತ್ತಿದ್ದಾರೆ. 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಇವತ್ತು ನೀವು ಕಾರವಾರಕ್ಕೆ, ಗೋವಾಕ್ಕೆ ರೈಲಿನಲ್ಲಿ ಹೋಗುವಾಗ ಕಿಟಕಿಯಾಚೆ ಥಟ್ಟನೆ ಕತ್ತಲಾಗುತ್ತದಲ್ಲ, ಆಗ ಮೊಬೈಲ್ ಸಿಗ್ನಲ್ ಹೋಯಿತು ಎಂದು ಬೈಯಬೇಡಿ. ಆ ಕತ್ತಲನ್ನು ಕೊರೆದ ಕೈಗಳನ್ನು ನೆನೆಯಿರಿ.

ಇನ್ನೊಂದು ಹೆಸರು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಮಾಣಿಕಡೋಹ ಅಣೆಕಟ್ಟು. ಎಲ್ಲಿದೆ? ಮಹಾರಾಷ್ಟ್ರದ ಪುಣೆ ಜಿಲ್ಲೆಯ ಜುನ್ನರ್ ತಾಲೂಕಿನಲ್ಲಿ, ಕುಕಡಿ ನದಿಯ ಮೇಲೆ! ಹೌದು, ಕನ್ನಡಿಗನ ಕಂಪನಿ ಮಹಾರಾಷ್ಟ್ರಕ್ಕೆ ಹೋಗಿ ಅಣೆಕಟ್ಟು ಕಟ್ಟಿತು. ಯಾರೂ ಗಡಿಯಲ್ಲಿ ನಿಲ್ಲಿಸಿ "ನೀನು ಹೊರಗಿನವನು" ಎನ್ನಲಿಲ್ಲ. ಹೊರಗಿನಿಂದ ಬಂದವರ ಮೇಲೆ ಹರಿಹಾಯುವ ಮೊದಲು ನಮ್ಮ ಹುಡುಗರು ಇದನ್ನು ಒಂದು ಸಲ ನೆನೆಯಬೇಕು. ನಮ್ಮ ಜಗಳ ಕೂಲಿಗೆ ಬಂದ ಬಡವನ ಜೊತೆ ಅಲ್ಲ. ಯಾರ ಜೊತೆ ಎಂದು ಮುಂದೆ ಹೇಳುತ್ತೇನೆ.

ಕಟ್ಟುವ ಕಂಪನಿ ಆಮೇಲೆ ಕಟ್ಟಡಕ್ಕೆ ಬೇಕಾದ ವಸ್ತುವನ್ನೂ ಮಾಡತೊಡಗಿತು. 1983ರಲ್ಲಿ ಮುರುಡೇಶ್ವರ ಸಿರಾಮಿಕ್ಸ್ ಹುಟ್ಟಿತು. ನೆಲಕ್ಕೆ ಹಾಕುವ ಟೈಲ್ಸ್. ಹುಬ್ಬಳ್ಳಿಯಲ್ಲಿ, ಶಿರಾದಲ್ಲಿ ಕಾರ್ಖಾನೆ. ಹುಬ್ಬಳ್ಳಿಯ ಉಣಕಲ್ ಕೆರೆಯ ಬದಿಗೆ ಹೋಟೆಲು. ಆಮೇಲೆ ಶಾಲೆ, ಪಾಲಿಟೆಕ್ನಿಕ್, ಆಸ್ಪತ್ರೆ. 2001ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು. ಹೈಸ್ಕೂಲು ಓದಿದ ಮನುಷ್ಯ ಇಂಜಿನಿಯರುಗಳನ್ನು ತಯಾರು ಮಾಡುವ ಕಾಲೇಜು ಕಟ್ಟಿಸಿದ! 2020ರ ಡಿಸೆಂಬರ್ 17ರಂದು, 92ನೇ ವಯಸ್ಸಿನಲ್ಲಿ ಶೆಟ್ಟರು ತೀರಿಕೊಂಡರು.

ಮುಳುಗಿದ ಊರಿನ ಮಾತು

ಹೊಗಳಿಕೆ ಮಾತ್ರ ಹೇಳಿದರೆ ಅದು ಬಾಡಿಗೆ ಭಾಷಣ ಆಗುತ್ತದೆ. ಅದಕ್ಕೇ ಇದನ್ನೂ ಹೇಳಬೇಕು. ಸೂಪಾ ಎಂಬುದು ಅಣೆಕಟ್ಟಿನ ಹೆಸರಾಗುವ ಮೊದಲು ಒಂದು ಊರಿನ ಹೆಸರು. ತಾಲೂಕಿನ ಕೇಂದ್ರ. ಆ ಊರು ಇವತ್ತು ಕಾಳಿಯ ನೀರಿನ ಅಡಿಯಲ್ಲಿದೆ. ಅಲ್ಲಿಯ ಜನ ರಾಮನಗರಕ್ಕೆ, ಬೇರೆ ಬೇರೆ ಕಡೆಗೆ ಎದ್ದು ಹೋದರು. ಹೊಲ, ಮನೆ, ದೇವರ ಗುಡಿ ಬಿಟ್ಟು ಹೋದರು. ಆ ನೀರಿನಿಂದ ಬಂದ ಕರೆಂಟಿನಲ್ಲಿ ಬೆಂಗಳೂರಿನ ದೀಪಗಳು ಉರಿದವು. ಯೋಜನೆ ಮಾಡಿದ್ದು ಸರಕಾರ, ಕಟ್ಟಿದ್ದು ಗುತ್ತಿಗೆದಾರರು, ಉಂಡದ್ದು ನಾವು ನಗರದವರು, ಕಳೆದುಕೊಂಡದ್ದು ಜೋಯಿಡಾದ ಕಾಡಿನ ಜನ. ಅವರೂ ಕರ್ನಾಟಕದ ಮಕ್ಕಳೇ. ನಾಡು ಕಟ್ಟುವ ಮಾತಾಡುವಾಗ ನಾಡಿಗಾಗಿ ಮುಳುಗಿದವರನ್ನು ಮರೆತರೆ ನಮ್ಮ ಅಭಿಮಾನಕ್ಕೆ ಬೆಲೆ ಇಲ್ಲ.

ಹಾಗೆಯೇ ಇನ್ನೊಂದು ಮಾತು. ಶೆಟ್ಟರಿಗೆ ಊರಿನಲ್ಲಿ ಮನೆತನದ ಹೆಸರಿತ್ತು, ಕಾಲಿಡಲು ನೆಲವಿತ್ತು. ಎಲ್ಲ ಕನ್ನಡಿಗರಿಗೂ ಅದು ಇಲ್ಲ. ಭೂಮಿ ಇಲ್ಲದವನ ಮಗ, ಕಲ್ಲು ಒಡೆಯುವವಳ ಮಗಳು ಠೇವಣಿಗೆ ದುಡ್ಡು ಎಲ್ಲಿಂದ ತರಬೇಕು? "ಅವರು ಮಾಡಲಿಲ್ಲವೇ, ನೀನೂ ಮಾಡು" ಎಂದು ಹೇಳಿ ಕೈ ತೊಳೆದುಕೊಳ್ಳುವುದು ಮೋಸ. ಒಬ್ಬರ ಸಾಹಸವನ್ನು ಪೂಜೆ ಮಾಡುವುದರಲ್ಲಿ ಪ್ರಯೋಜನ ಇಲ್ಲ. ಆ ದಾರಿ ಇವತ್ತು ಸಾವಿರ ಜನರಿಗೆ ಯಾಕೆ ಮುಚ್ಚಿದೆ ಎಂದು ಕೇಳಬೇಕು.

ಗೋಡೆ ಎಲ್ಲಿದೆ?

ಈಗ ಬೆಂಗಳೂರಿಗೆ ಬನ್ನಿ. ನೀವು ನಿತ್ಯ ನೋಡುವ ಸೈಟುಗಳಿಗೆ ಬನ್ನಿ. ತಗಡಿನ ಶೆಡ್ಡುಗಳಲ್ಲಿ ಇರುವವರು ಯಾರು? ಬಿಹಾರ, ಒಡಿಶಾ, ಬಂಗಾಳದವರು ಇದ್ದಾರೆ, ನಿಜ. ಆದರೆ ಇನ್ನೊಂದು ಸಾಲಿನ ಶೆಡ್ಡಿಗೆ ಹೋಗಿ ಮಾತಾಡಿಸಿ. "ಎಲ್ಲಿಂದ ಬಂದೀರಿ?" ಎಂದರೆ "ರಾಯಚೂರ ಕಡಿಯಿಂದ್ರೀ", "ಯಾದಗಿರಿರೀ", "ಕಲಬುರ್ಗಿರೀ" ಎನ್ನುತ್ತಾರೆ. ಅಚ್ಚ ಕನ್ನಡಿಗರು! ತಮ್ಮದೇ ರಾಜಧಾನಿಯಲ್ಲಿ ಮಗುವನ್ನು ಮರಳಿನ ಗುಡ್ಡೆಯ ಮೇಲೆ ಮಲಗಿಸಿ ಬಾಂಡ್ಲಿ ಹೊರುವ ಕನ್ನಡಿಗರು. ನಮ್ಮ ಹೋರಾಟದ ಭಾಷಣಗಳಲ್ಲಿ ಇವರ ಹೆಸರು ಎಷ್ಟು ಸಲ ಬಂದಿದೆ? ನಾವು ಕೇಳುವುದು ಬ್ಯಾಂಕಿನ ಕೆಲಸ, ಕಂಪ್ಯೂಟರ್ ಕಂಪನಿಯ ಕೆಲಸ. ಕೇಳಬೇಕು, ತಪ್ಪಿಲ್ಲ. ಆದರೆ ಇವರು?

ನನಗೆ ಗೊತ್ತಿರುವ ಒಬ್ಬ ಗಾರೆ ಮೇಸ್ತ್ರಿ ಇದ್ದಾರೆ. ಹೆಸರು ಬೇಡ. ಮೂವತ್ತು ವರ್ಷದ ಅನುಭವ. ತೂಗುಗುಂಡು ಇಳಿಬಿಟ್ಟರೆ ಗೋಡೆ ಕೂದಲೆಳೆಯಷ್ಟೂ ವಾಲುವುದಿಲ್ಲ. ಮೋಲ್ಡ್ ಹಾಕುವ ದಿನ ಕಬ್ಬಿಣ ಕಟ್ಟಿದ್ದನ್ನು ಒಮ್ಮೆ ಕಣ್ಣಾಡಿಸಿದರೆ ತಪ್ಪು ಎಲ್ಲಿದೆ ಎಂದು ಹೇಳುತ್ತಾರೆ. ಇಂಜಿನಿಯರುಗಳೇ ಅವರನ್ನು ಕೇಳುತ್ತಾರೆ. "ನೀವೇ ಒಂದು ಸಣ್ಣ ಚರಂಡಿ ಕೆಲಸದ ಟೆಂಡರ್ ಹಾಕಿ ಅಣ್ಣಾ" ಎಂದೆವು. ಹಾಕಿದರು. ಕಾಗದ ಇಂಗ್ಲಿಷಿನಲ್ಲಿತ್ತು. ಯಾರನ್ನೋ ನಂಬಿ, ಅವರು ತೋರಿಸಿದ ಕಡೆ ಸಹಿ ಮಾಡಿದರು. ತಡವಾದರೆ ದಂಡ ಎಂಬ ಷರತ್ತು ಅದರಲ್ಲಿ ಎಲ್ಲೋ ಒಂದು ಮೂಲೆಯಲ್ಲಿತ್ತು. ಮಳೆ ಬಂತು, ಕೆಲಸ ತಡವಾಯಿತು, ದಂಡ ಬಿತ್ತು. ಅವಧಿ ವಿಸ್ತರಿಸಿ ಎಂದು ಅರ್ಜಿ ಕೊಡಲು ಅವಕಾಶ ಇತ್ತು. ಅದೂ ಆ ಕಾಗದದಲ್ಲೇ ಇತ್ತು. ಓದಲು ಬರಲಿಲ್ಲ! ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದ ಠೇವಣಿ ದಂಡಕ್ಕೆ ಹೋಯಿತು. ಈಗ ಅವರು ಮತ್ತೆ ಬೇರೆಯವರ ಕೈಕೆಳಗೆ ಮೇಸ್ತ್ರಿ. "ನಮ್ಗೆ ಅದೆಲ್ಲಾ ಆಗಲ್ಲ ಬಿಡಪ್ಪ" ಎನ್ನುತ್ತಾರೆ.

ಗೆಳೆಯರೇ, ಅವರಿಗೆ ಏನು ಆಗಲಿಲ್ಲ? ಗೋಡೆ ಕಟ್ಟಲು ಆಗಲಿಲ್ಲವೇ? ಕಾಂಕ್ರೀಟು ಕಲೆಸಲು ಆಗಲಿಲ್ಲವೇ? ಇಂಗ್ಲಿಷ್ ಓದಲು ಆಗಲಿಲ್ಲ, ಅಷ್ಟೇ. ಗಾರೆ, ಕರಣಿ, ರಸಮಟ್ಟ, ಮೂಲೆಮಟ್ಟ, ಅಡಿಪಾಯ, ತೊಲೆ ಎಂದು ನೆಲದ ಮೇಲಿನ ಕೆಲಸದಲ್ಲೆಲ್ಲ ಕನ್ನಡ ಇದೆ. ಮೇಜಿನ ಮೇಲಿನ ಕಾಗದದಲ್ಲಿ ಮಾತ್ರ ಇಂಗ್ಲಿಷ್ ಇದೆ. ಕೆಲಸ ಮಾಡುವವನ ಭಾಷೆ ಒಂದು, ದುಡ್ಡು ಬರುವ ಭಾಷೆ ಇನ್ನೊಂದು. ಇವೆರಡರ ನಡುವೆ ಎದ್ದ ಗೋಡೆ ಇದೆಯಲ್ಲ, ಅದೇ ಮೇಸ್ತ್ರಿಯನ್ನು ಸಾಯುವವರೆಗೂ ಮೇಸ್ತ್ರಿಯಾಗಿ ಇಡುವುದು. ನಮ್ಮ ಜಗಳ ಯಾರ ಜೊತೆ ಎಂದು ಕೇಳಿದಿರಲ್ಲ, ಈ ಗೋಡೆಯ ಜೊತೆ!

ಕರ್ನಾಟಕ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಅರವತ್ತು ವರ್ಷ ದಾಟಿತು. ಇವತ್ತಿಗೂ ದೊಡ್ಡ ಕಾಮಗಾರಿಯ ಟೆಂಡರ್ ದಾಖಲೆ ತೆಗೆದು ನೋಡಿ. ಷರತ್ತುಗಳು, ವಿವರಣೆಗಳು, ಕರಾರುಪತ್ರ ಬಹುಪಾಲು ಇಂಗ್ಲಿಷಿನಲ್ಲೇ. ಕನ್ನಡದ ಸರಕಾರ, ಕನ್ನಡಿಗರ ತೆರಿಗೆ, ಕನ್ನಡದ ಹಳ್ಳಿಯ ಚರಂಡಿ, ಕರಾರು ಮಾತ್ರ ಇಂಗ್ಲಿಷ್! ನಾವು ಅಂಗಡಿಯ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಬೇಕೆಂದು ಹೋರಾಡಿದೆವು, 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತರಿಸಿದೆವು. ಸಂತೋಷ. ಬೋರ್ಡಿನಲ್ಲಿ ಕನ್ನಡ ಬಂತು. ಕರಾರಿನಲ್ಲಿ ಕನ್ನಡ ಯಾವಾಗ?

ಕಾಯ್ದೆಯೂ ಬೇಕು, ಕಸುಬೂ ಬೇಕು

ಉದ್ಯೋಗದ ವಿಷಯಕ್ಕೆ ಬರೋಣ. ಸರೋಜಿನಿ ಮಹಿಷಿ ಅವರ ಸಮಿತಿ 1986ರಲ್ಲಿ 58 ಶಿಫಾರಸುಗಳ ವರದಿ ಕೊಟ್ಟಿತು. ಅಂದಿನಿಂದ ಇಂದಿನವರೆಗೆ ನಾವು "ಮಹಿಷಿ ವರದಿ ಜಾರಿ ಮಾಡಿ" ಎಂದು ಕೂಗಿದ್ದೇವೆ. ಕೂಗಿದವರ ತಲೆ ನರೆತು ಅವರ ಮಕ್ಕಳು ಕೂಗುತ್ತಿದ್ದಾರೆ. 2024ರ ಜುಲೈನಲ್ಲಿ ಒಂದು ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ಯಮದಲ್ಲಿ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂದಿತು. ದೊಡ್ಡ ಕಂಪನಿಗಳವರು ಗದ್ದಲ ಎಬ್ಬಿಸಿದರು. ಎರಡು ದಿನ ಕಳೆಯುವುದರೊಳಗೆ ಸರಕಾರ ಅದನ್ನು ತಡೆಹಿಡಿಯಿತು!

ಯಾಕೆ ಹೀಗಾಯಿತು? ಯೋಚನೆ ಮಾಡಿ. ಕಂಪನಿ ಅವರದು, ಬಾಗಿಲು ಅವರದು, ಬೀಗದ ಕೈ ಅವರದು. ನಾವು ಬಾಗಿಲು ತಟ್ಟುವವರು. ತಟ್ಟುವವನು ಎಷ್ಟು ಗಟ್ಟಿಯಾಗಿ ತಟ್ಟಿದರೂ ತೆರೆಯುವುದು ಒಳಗಿದ್ದವನ ಇಷ್ಟ. ಕಾಯ್ದೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕೇ ಬೇಕು. ನಮ್ಮ ನೆಲ, ನಮ್ಮ ನೀರು, ನಮ್ಮ ಕರೆಂಟು ತೆಗೆದುಕೊಂಡವನು ನಮ್ಮ ಮಕ್ಕಳಿಗೆ ಕೆಲಸ ಕೊಡಲೇಬೇಕು. ಆದರೆ ಬಾಗಿಲು ತಟ್ಟುವುದರ ಜೊತೆಗೆ ನಮ್ಮದೇ ಮನೆಗಳನ್ನು ಕಟ್ಟಿಕೊಳ್ಳಬೇಕು. ಸಿರಸಿಯಲ್ಲಿ ಹುಟ್ಟಿದ ಒಂದು ಕಂಪನಿಗೆ ಹುಬ್ಬಳ್ಳಿ ತನಕ, ಜುನ್ನರ್ ತನಕ ಕೈ ಚಾಚಲು ಸಾಧ್ಯವಾಯಿತು. ಅದರ ನೆರಳಲ್ಲಿ ಎಷ್ಟು ಮೇಸ್ತ್ರಿಗಳು, ಲಾರಿ ಚಾಲಕರು, ಗುಮಾಸ್ತರು, ಇಂಜಿನಿಯರುಗಳು ಬದುಕಿರಬೇಕು!

ದುಡ್ಡಿಲ್ಲದವರು ಏನು ಮಾಡಬೇಕು? ಅದಕ್ಕೂ ದಾರಿ ಇದೆ. ಪಕ್ಕದ ಕೇರಳ ನೋಡಿ. ಕೋಳಿಕ್ಕೋಡು ಜಿಲ್ಲೆಯ ವಡಗರದ ಹತ್ತಿರ ಊರಾಳುಂಗಲ್ ಎಂಬ ಕೂಲಿಕಾರರ ಸಹಕಾರ ಸಂಘ ಇದೆ. ವಾಗ್ಭಟಾನಂದ ಎಂಬ ಸುಧಾರಕರ ಪ್ರೇರಣೆಯಿಂದ 1925ರಲ್ಲಿ ಹುಟ್ಟಿದ್ದು. ಕೆಲಸ ಕೇಳಿದರೆ ಜಮೀನ್ದಾರರು ಕೊಡದ ಜನ, ತಾವೇ ಸೇರಿ ಕಾಸು ಕೂಡಿಸಿ ಗುತ್ತಿಗೆ ಹಿಡಿದರು. ಇವತ್ತು ಆ ಸಂಘ ಹೆದ್ದಾರಿ, ಸೇತುವೆ ಕಟ್ಟುತ್ತದೆ. ಮಂಗಳೂರಿನ ಗಡಿ ತಲಪಾಡಿಯಿಂದ ಕಾಸರಗೋಡಿನ ಕಡೆಗೆ, ಚೆಂಗಳದವರೆಗಿನ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲ ಮಾಡುವ ಗುತ್ತಿಗೆ ಸಿಕ್ಕಿದ್ದು ಈ ಕೂಲಿಕಾರರ ಸಂಘಕ್ಕೆ! ನಮ್ಮ ಕಾಸರಗೋಡಿನ ಕನ್ನಡ ನೆಲದ ರಸ್ತೆ. ಮಾಲೀಕರು ಯಾರು? ಕೆಲಸ ಮಾಡುವವರೇ.

ಇದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ಯಾಕೆಂದರೆ ಸಹಕಾರ ಸಂಘದಲ್ಲಿ ದೇಶಕ್ಕೇ ಮುಂದಾಳು ನಾವು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದರು. ಊರಾಳುಂಗಲ್‌ಗಿಂತ ಇಪ್ಪತ್ತು ವರ್ಷ ಮೊದಲು! ಹಾಲಿಗೆ ಸಹಕಾರ ಸಂಘ ಮಾಡಿದೆವು, ಸಾಲಕ್ಕೆ ಮಾಡಿದೆವು. ಗಾರೆಯವರು, ಸೆಂಟ್ರಿಂಗಿನವರು, ಕಲ್ಲಿನವರು ಸೇರಿ ಹೆದ್ದಾರಿಯ ಗುತ್ತಿಗೆ ಹಿಡಿಯುವಂಥ ಸಂಘವನ್ನು ಯಾಕೆ ಬೆಳೆಸಲಿಲ್ಲ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮದೇ ಅಲ್ಲವೇ!

ನಾಳೆಯಿಂದ ಏನು ಮಾಡೋಣ?

ಚಪ್ಪಾಳೆ ತಟ್ಟಿ ಮನೆಗೆ ಹೋಗಬೇಡಿ. ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ನಿಮ್ಮ ಬಡಾವಣೆಯಲ್ಲಿ ನಡೆಯುವ ಸರಕಾರಿ ಕಾಮಗಾರಿಯ ಫಲಕ ಓದಿ. ಎಷ್ಟು ದುಡ್ಡು, ಎಷ್ಟು ದಿನ, ಯಾರ ಗುತ್ತಿಗೆ ಎಂದು ಕನ್ನಡದಲ್ಲಿ ಬರೆದಿದೆಯೇ? ಇಲ್ಲದಿದ್ದರೆ ಅರ್ಜಿ ಹಾಕಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಬಾಯಿಂದ ಕೂಗಿದ್ದಕ್ಕಿಂತ ಕಾಗದದಲ್ಲಿ ಕೇಳಿದ್ದು ಹೆಚ್ಚು ದೂರ ಹೋಗುತ್ತದೆ.

ಎರಡು, ನಿಮ್ಮ ಸಂಘದ ಕಚೇರಿಯಲ್ಲಿ ಭಾನುವಾರ ಎರಡು ಗಂಟೆ ಮೇಜು ಹಾಕಿ ಕೂತುಕೊಳ್ಳಿ. ನೀವು ಬಿ.ಕಾಂ. ಓದಿದ್ದೀರಿ, ಡಿಪ್ಲೊಮಾ ಮಾಡಿದ್ದೀರಿ, ಇಂಗ್ಲಿಷ್ ಬರುತ್ತದೆ. ಮೇಸ್ತ್ರಿಗಳಿಗೆ ಟೆಂಡರ್ ಕಾಗದ ಓದಿ ಹೇಳಿ. ಕನ್ನಡದಲ್ಲಿ ಬರೆದು ಕೊಡಿ. ಸರಕಾರ ಮಾಡುವವರೆಗೆ ಕಾಯಬೇಡಿ. ಆ ನನ್ನ ಮೇಸ್ತ್ರಿಯ ಪಕ್ಕ ನಿಮ್ಮಂಥ ಒಬ್ಬ ಹುಡುಗ ಕೂತಿದ್ದರೆ ಆ ಬಳೆಗಳು ಉಳಿಯುತ್ತಿದ್ದವು.

ಮೂರು, ಕಟ್ಟಡ ಕಾರ್ಮಿಕರ ಕಲ್ಯಾಣ ಕಾಯ್ದೆ 1996ರಲ್ಲಿ ಬಂತು. ಅದರ ಪ್ರಕಾರ ಹುಟ್ಟಿದ ಮಂಡಳಿ ರಾಜ್ಯದಲ್ಲಿ ಇದೆ, ಕಟ್ಟಡದ ವೆಚ್ಚದ ಮೇಲೆ ಶೇಕಡಾ 1 ಸೆಸ್ ಅದಕ್ಕೆ ಹೋಗುತ್ತದೆ. ಆ ದುಡ್ಡು ಕೂಲಿಯವರದು. ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ ಸಹಾಯ ಇದೆ. ನಿಮ್ಮ ಬೀದಿಯ ಸೈಟಿನ ರಾಯಚೂರಿನ ಅಕ್ಕನಿಗೆ ಈ ಕಾರ್ಡು ಮಾಡಿಸಿಕೊಡಿ. ಪಕ್ಕದ ಶೆಡ್ಡಿನ ಬಿಹಾರಿ ಅಣ್ಣನಿಗೂ ಮಾಡಿಸಿಕೊಡಿ, ಹಾಗೇ ನಾಲ್ಕು ಕನ್ನಡ ಮಾತು ಕಲಿಸಿ. ಕನ್ನಡ ಬೈದು ಬೆಳೆಯುವುದಿಲ್ಲ, ಬೆರೆತು ಬೆಳೆಯುತ್ತದೆ.

ನಾಲ್ಕು, ನಿಮ್ಮಲ್ಲಿ ಐದು ಜನ, ಹತ್ತು ಜನ ಸೇರಿ. ಒಬ್ಬ ಡಿಪ್ಲೊಮಾದವನು, ಒಬ್ಬಳು ಲೆಕ್ಕ ಬರೆಯುವವಳು, ಇಬ್ಬರು ಮೇಸ್ತ್ರಿಗಳು, ಒಬ್ಬ ಕರೆಂಟಿನ ಕೆಲಸದವನು. ಒಂದು ಮೋರಿ ಕೆಲಸ ಹಿಡಿಯಿರಿ, ಒಂದು ಶಾಲೆಯ ಕಾಂಪೌಂಡ್ ಹಿಡಿಯಿರಿ. ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಒಂದು ಮಿತಿಯವರೆಗಿನ ಕಾಮಗಾರಿಗಳಲ್ಲಿ ಮೀಸಲಾತಿ ಇದೆ, ಅದನ್ನು ತಿಳಿದುಕೊಳ್ಳಿ, ಬಳಸಿಕೊಳ್ಳಿ. ಮೊದಲ ಕೆಲಸದಲ್ಲಿ ಲಾಭ ಬರದಿದ್ದರೂ ಪರವಾಗಿಲ್ಲ, ಕೆಲಸ ಕೆಡಬಾರದು. ಸಿಮೆಂಟು ಕದಿಯಬೇಡಿ, ಬಟವಾಡೆ ತಪ್ಪಿಸಬೇಡಿ. "ಕನ್ನಡದ ಹುಡುಗರು ಕಟ್ಟಿದ್ದು, ಗಟ್ಟಿ ಇರುತ್ತದೆ" ಎಂಬ ಮಾತು ಊರಲ್ಲಿ ಹಬ್ಬಬೇಕು. ಆ ಮಾತಿಗಿಂತ ದೊಡ್ಡ ಬಂಡವಾಳ ಯಾವುದೂ ಇಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟುವುದು ಕಷ್ಟ ಎಂದು ಹೆದರಿಸಲು ಹೇಳಿದ್ದಲ್ಲ ಅದು. ಕಟ್ಟಿದವನಿಗೆ ಮಾತ್ರ ಗೊತ್ತಾಗುತ್ತದೆ ಎಂದು ಹೇಳಿದ್ದು.

ಮುಂದಿನ ಸಲ ಮುರುಡೇಶ್ವರಕ್ಕೆ ಹೋದಾಗ ಶಿವನಿಗೆ ಕೈ ಮುಗಿಯಿರಿ. ಆಮೇಲೆ ವಾಪಸ್ಸು ಬರುವಾಗ ಹೊನ್ನಾವರದಿಂದ ಘಟ್ಟ ಹತ್ತುವ ರಸ್ತೆ ಹಿಡಿಯಿರಿ. ಒಂದು ಸೇತುವೆಯ ಮೇಲೆ ಬಸ್ಸು ಸದ್ದಿಲ್ಲದೆ ದಾಟುತ್ತದೆ. ಯಾರೂ ತಲೆ ಎತ್ತಿ ನೋಡುವುದಿಲ್ಲ. ನೀವು ನೋಡಿ. ಅಂಥ ಒಂದು ಸೇತುವೆಯಿಂದಲೇ ಎಲ್ಲವೂ ಶುರುವಾದದ್ದು.

ನಿಮ್ಮ ಸೇತುವೆ ಯಾವುದು? ಹುಡುಕಿಕೊಳ್ಳಿ. ಕಟ್ಟಿ.

 ಜೈ ಕರ್ನಾಟಕ!